ಖಾಲಿ ಬ್ರಾಕೆಟಿನ ಪಿರಿಪಿರಿ

ಕಂಪೈಲರ್ ಕೊಡುವ ವಾರ್ನಿಂಗನ್ನು ಯಾರಾದರೂ ಓದುತ್ತಾರಾ ಮಾರಾಯ್ರೆ? ಎರರ್ ಬಂದರೆ ಓದಲೇಬೇಕು, ಇಲ್ಲದಿದ್ದರೆ ಗಾಡಿ ಮುಂದೆ ಹೋಗುವುದಿಲ್ಲ. ವಾರ್ನಿಂಗ್ ಹಾಗಲ್ಲ. ಅದು ಪರದೆಯ ಮೇಲೆ ಸರಸರ ಓಡುತ್ತದೆ, ಅಷ್ಟರಲ್ಲಿ ನಾವು ಒಂದು ಚಾ ಕುಡಿದು ಬರುತ್ತೇವೆ, ಕೊನೆಯ ಸಾಲಿನಲ್ಲಿ ಬಿಲ್ಡ್ ಆಯಿತು ಅಂತ ಕಂಡರೆ ಮುಗಿಯಿತು. ಇಷ್ಟು ವರ್ಷ ಎಲ್ಲರೂ ಮಾಡಿಕೊಂಡು ಬಂದದ್ದು ಇದನ್ನೇ, ಅಲ್ವಾ?

ಈ ಮಳೆಗಾಲದಲ್ಲಿ ನನ್ನ ಪಾಲಿಗೆ ಬಿದ್ದ ಕೆಲಸ ಮಾತ್ರ ಹಾಗೆ ಓಡಿಹೋಗುವ ಸಾಲುಗಳನ್ನು ಒಂದೊಂದಾಗಿ ಅಡ್ಡಗಟ್ಟಿ ಮಾತಾಡಿಸುವುದು. ಒಂದು ಪುಟ್ಟ ಬೋರ್ಡು, ಅದರ ಒಳಗೊಂದು ರನ್‌ಟೈಮ್ ಲೈಬ್ರರಿ, ಆ ಲೈಬ್ರರಿಯ ತುಂಬ ಹೇಳದೆ ಕೇಳದೆ ಬಂದು ಕೂತ ಫಂಕ್ಷನ್ನುಗಳು. ಹೊರಗೆ ಪಣಂಬೂರಿನ ಆಟಿ ಮಳೆ, ಒಳಗೆ ನೂರಾರು ವಾರ್ನಿಂಗು. ಅರ್ಧದಷ್ಟು ಸಾಲು ಹೇಳುವುದು, ಈ ಫಂಕ್ಷನ್ನಿಗೆ ಹಿಂದೆಲ್ಲೂ ಪ್ರೋಟೋಟೈಪ್, ಅಂದರೆ ಅದು ಏನೇನು ತೆಗೆದುಕೊಳ್ಳುತ್ತದೆ, ಏನು ಕೊಡುತ್ತದೆ ಅಂತ ಮೊದಲೇ ಹೇಳುವ ಸಾಲು, ಕಾಣಲಿಲ್ಲ ಅಂತ. ಉಳಿದರ್ಧ ಇನ್ನೂ ಗಮ್ಮತ್ತು: ಈ ಫಂಕ್ಷನ್ ಡಿಕ್ಲರೇಶನ್ ಪ್ರೋಟೋಟೈಪ್ ಅಲ್ಲ ಅಂತ. ಅಲ್ಲ ಅಂದರೆ ಮತ್ತೆಂತ ಅದು? ಹೇಳುವುದಿಲ್ಲ. ಮದುವೆ ಮನೆಯಲ್ಲಿ ಕಾಣುವ ಕೆಲವು ಹಿರಿಯರು ಹಾಗೇ, "ಇದು ಕ್ರಮ ಅಲ್ಲ" ಅಂತ ಮಾತ್ರ ಹೇಳಿ ಎಲೆ ಅಡಿಕೆಗೆ ಕೈಹಾಕುತ್ತಾರೆ.

ಪಾಗಾರದ ಆಚೆ ಒಬ್ಬರು ಅಣ್ಣ ಇದ್ದಾರೆ. ಬಂದರಿನ ಟಗ್ಗಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಮಳೆ ಸ್ವಲ್ಪ ಬಿಟ್ಟರೆ ಬಸಳೆ ಚಪ್ಪರ ನೋಡುವ ನೆವದಲ್ಲಿ ಬಂದು ನಿಲ್ಲುತ್ತಾರೆ, ಪಟ್ಟಾಂಗ ಶುರುವಾಗುತ್ತದೆ.

"ಎಂತ ಇವ್ರೇ, ಇಡೀ ದಿನ ಕುಟ್ಟುತ್ತಾ ಇರ್ತೀರಿ. ಹೊಸತು ಎಂತಾದ್ರೂ ಮಾಡ್ತಾ ಇದ್ದೀರಾ?"

"ಇಲ್ಲ ಅಣ್ಣ, ಹಳತನ್ನೇ ರಿಪೇರಿ."

"ಹಾಳಾಗಿದೆಯಾ?"

"ಇಲ್ಲ, ಚೆನ್ನಾಗಿಯೇ ಉಂಟು."

ಚೆನ್ನಾಗಿ ಇರುವುದನ್ನು ರಿಪೇರಿ ಮಾಡುವವರಿಗೂ ಸಂಬಳ ಕೊಡುತ್ತಾರಾ ಅಂತ ಅವರು ಕೇಳಲಿಲ್ಲ. ಮುಖದಲ್ಲೇ ಇತ್ತು.

ಆ ಲೈಬ್ರರಿಯಲ್ಲಿ ಇರುವುದು ಎಂತ ಅಂತ ಹೇಳಬೇಕಾದರೆ ಭಾಗಾಕಾರದಿಂದಲೇ ಶುರು ಮಾಡಬೇಕು. ನಮ್ಮ ಬೋರ್ಡಿನಲ್ಲಿ ಇರುವುದು ರಿಸ್ಕ್-ವಿ ಜಾತಿಯ ಒಂದು ಸಣ್ಣ ಚಿಪ್ಪು. ಆ ಜಾತಿಯಲ್ಲಿ ಗುಣಿಸುವುದು, ಭಾಗಿಸುವುದು ಎಲ್ಲ ಐಚ್ಛಿಕ. ಚಿಪ್ಪಿನ ವರ್ಣನೆಯಲ್ಲಿ ಎಂ ಅನ್ನುವ ಅಕ್ಷರ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮದರಲ್ಲಿ ಇಲ್ಲ. ಕೂಡಿಸಲು, ಕಳೆಯಲು, ಬಿಟ್ಟುಗಳನ್ನು ಆಚೀಚೆ ಸರಿಸಲು ಬರುತ್ತದೆ, ಅಷ್ಟೇ. ಆದರೆ ಪ್ರೋಗ್ರಾಂ ಬರೆಯುವವರು ಅದನ್ನೆಲ್ಲ ಯೋಚಿಸುತ್ತಾರಾ? ಬಂಗುಡೆಯ ತೂಕವನ್ನು ದರದಿಂದ ಗುಣಿಸಿ ಸಾವಿರದಿಂದ ಭಾಗಿಸು ಅಂತ ಒಂದು ಸಾಲು ಬರೆದು ಎದ್ದು ಹೋಗುತ್ತಾರೆ. ಕಂಪೈಲರ್ ಅದನ್ನು ನೋಡುತ್ತದೆ, ಚಿಪ್ಪಿನಲ್ಲಿ ಭಾಗಾಕಾರ ಇಲ್ಲ ಅಂತ ಗೊತ್ತಿರುತ್ತದೆ, ಸದ್ದಿಲ್ಲದೆ ಅಲ್ಲಿ ಒಂದು ಫಂಕ್ಷನ್ ಕರೆಯನ್ನು ತುರುಕುತ್ತದೆ. ಆ ಫಂಕ್ಷನ್ ಇರುವುದು ಈ ಲೈಬ್ರರಿಯಲ್ಲಿ. ಅದು ಪ್ರೈಮರಿ ಶಾಲೆಯಲ್ಲಿ ನಾವು ಮಾಡಿದ ಹಾಗೆಯೇ ಕಳೆಯುತ್ತಾ, ಸರಿಸುತ್ತಾ, ಕೊನೆಗೆ ಉತ್ತರ ಕೊಡುತ್ತದೆ.

ಹೆಸರುಗಳನ್ನು ನೋಡಬೇಕು ನೀವು. ಮುಂದೆ ಎರಡು ಅಂಡರ್‌ಸ್ಕೋರ್, ಆಮೇಲೆ ಡಿವ್, ಆಮೇಲೆ ಡಿಐ, ಕೊನೆಗೆ 3. ಜಪ ಮಾಡುವ ಬೀಜಾಕ್ಷರದ ಹಾಗೆ ಕಾಣುತ್ತದೆ, ಆದರೆ ಒಂದು ಕ್ರಮ ಉಂಟು. ಎಸ್‌ಐ ಅಂದರೆ ನಾಲ್ಕು ಬೈಟಿನ ಪೂರ್ಣಾಂಕ, ಡಿಐ ಅಂದರೆ ಎಂಟು ಬೈಟಿನದು, ಟಿಐ ಅಂದರೆ ಹದಿನಾರು. ಎಸ್‌ಎಫ್, ಡಿಎಫ್ ಅಂದರೆ ದಶಾಂಶದವು. ಕೊನೆಯ 3 ಅಂದರೆ ಉತ್ತರವೂ ಸೇರಿ ಮೂರು ಸಂಖ್ಯೆಗಳ ವ್ಯವಹಾರ. ಒಂದನ್ನೇ ತೆಗೆದುಕೊಂಡು ಒಂದು ಉತ್ತರ ಕೊಡುವುದಾದರೆ ಕೊನೆಯಲ್ಲಿ 2. ಜಿಸಿಸಿ ಅನ್ನುವ ಕಂಪೈಲರಿನವರು ಹಾಕಿಕೊಟ್ಟ ಪದ್ಧತಿ ಇದು. ಪ್ರತಿಸ್ಪರ್ಧಿಗಳಾದ ಎಲ್‌ಎಲ್‌ವಿಎಂನವರೂ ತಮ್ಮ ಕಂಪೈಲರ್-ಆರ್‌ಟಿಯಲ್ಲಿ ಇದೇ ಹೆಸರುಗಳನ್ನು ಇಟ್ಟುಕೊಂಡಿದ್ದಾರೆ. ಇಟ್ಟುಕೊಳ್ಳದೆ ಉಪಾಯವಿಲ್ಲ, ಒಂದರ ಬದಲು ಇನ್ನೊಂದು ಹಾಕಿದರೂ ನಡೆಯಬೇಕಲ್ಲ.

ಈಗ ತಮಾಷೆ ನೋಡಿ. ಈ ಫಂಕ್ಷನ್ನುಗಳನ್ನು ಯಾವ ಮನುಷ್ಯನೂ ಹೆಸರು ಹಿಡಿದು ಕರೆಯುವುದಿಲ್ಲ. ಕರೆಯುವುದು ಕಂಪೈಲರೇ. ಅದಕ್ಕೆ ಇವುಗಳ ರೂಪ, ಅಳತೆ, ಎಷ್ಟು ಬೈಟು ತೆಗೆದುಕೊಳ್ಳುತ್ತದೆ, ಎಷ್ಟು ಕೊಡುತ್ತದೆ ಎಲ್ಲ ಬಾಯಿಪಾಠ. ಹಾಗಿರುವಾಗ ಇವುಗಳ ಒಡಲನ್ನು ಬರೆದ ಫೈಲನ್ನು ಅದೇ ಕಂಪೈಲರಿನ ಮುಂದೆ ಇಟ್ಟರೆ, "ಇದು ಯಾರು? ಇವರ ಬಗ್ಗೆ ಯಾರೂ ಮೊದಲು ಹೇಳಲಿಲ್ಲವಲ್ಲ!" ಅಂತ ಬೊಬ್ಬೆ ಹಾಕುತ್ತದೆ. ಊಟಕ್ಕೆ ಕರೆದವನೇ ಬಾಗಿಲಲ್ಲಿ ನಿಂತು ಕೇಳಿದರೆ ಹೇಗಿರುತ್ತದೆ? ಅದಕ್ಕೇ ಜಿಸಿಸಿಯವರ ಸ್ವಂತ ಲಿಬ್‌ಜಿಸಿಸಿಯಲ್ಲಿ ಇವಕ್ಕೆಲ್ಲ ಪ್ರತ್ಯೇಕ ಒಂದು ಹೆಡರ್ ಫೈಲ್ ಇಟ್ಟಿದ್ದಾರೆ. ಹೊರಗಿನವರಿಗೆ ಅದರ ಉಪಯೋಗ ಇಲ್ಲ, ಮನೆಯೊಳಗಿನ ಶಾಂತಿಗೆ ಬೇಕು. ಪ್ರೋಟೋಟೈಪ್ ಇಲ್ಲದ್ದು, ಇದ್ದೂ ಸರಿ ಇಲ್ಲದ್ದು, ಹಳೇ ಶೈಲಿಯದ್ದು, ಈ ಮೂರನ್ನೂ ಹಿಡಿಯುವ ವಾರ್ನಿಂಗುಗಳನ್ನು ಹಾಕಿಯೇ ಅವರು ತಮ್ಮ ಲೈಬ್ರರಿಯನ್ನು ಕಂಪೈಲ್ ಮಾಡುವುದು.

ಈ ಗಲಾಟೆಗೆಲ್ಲ ಮೂಲ ಎಲ್ಲಿ ಅಂತ ಹುಡುಕುತ್ತಾ ಹೋದರೆ ಬೆಲ್ ಲ್ಯಾಬ್ಸಿನವರೆಗೆ ಹೋಗಬೇಕು. ಸಿ ಭಾಷೆ ಹುಟ್ಟಿದ್ದು 1972ರ ಹೊತ್ತಿಗೆ, ನಮ್ಮ ನವಮಂಗಳೂರು ಬಂದರು ಪ್ರಮುಖ ಬಂದರು ಅನ್ನಿಸಿಕೊಂಡದ್ದು 1974ರಲ್ಲಿ, ಇಂದಿರಾ ಗಾಂಧಿ ಬಂದು ಉದ್ಘಾಟನೆ ಮಾಡಿದ್ದು 1975ರ ಜನವರಿಯಲ್ಲಿ. ಎರಡೂ ಒಂದೇ ಓರಗೆಯವು ಅನ್ನಿ. ಆಗಿನ ಪಿಡಿಪಿ-11 ಯಂತ್ರದಲ್ಲಿ ಪೂರ್ಣಾಂಕವೂ ಹದಿನಾರು ಬಿಟ್ಟು, ವಿಳಾಸವೂ ಹದಿನಾರು ಬಿಟ್ಟು. ಆರ್ಗ್ಯುಮೆಂಟುಗಳು ಒಂದರ ಮೇಲೊಂದು ಸ್ಟ್ಯಾಕಿನಲ್ಲಿ ಬೀಳುತ್ತಿದ್ದವು, ಫಂಕ್ಷನ್ ತನಗೆ ಬೇಕಾದಷ್ಟು ತೆಗೆದುಕೊಳ್ಳುತ್ತಿತ್ತು. ಎಷ್ಟು ಕೊಟ್ಟಿರಿ, ಎಂಥದ್ದು ಕೊಟ್ಟಿರಿ ಅಂತ ಕಂಪೈಲರ್ ಕೇಳುತ್ತಲೇ ಇರಲಿಲ್ಲ. ಬರೆದವನಿಗೆ ಗೊತ್ತಿರುತ್ತದೆ ಅನ್ನುವ ನಂಬಿಕೆ. ಅನುಮಾನ ಇದ್ದರೆ ಲಿಂಟ್ ಅಂತ ಬೇರೆಯೇ ಒಂದು ಪ್ರೋಗ್ರಾಂ, ಸ್ಟೀಫನ್ ಜಾನ್ಸನ್ ಬರೆದದ್ದು, ಅದನ್ನು ಓಡಿಸಿ ನೋಡಿಕೊಳ್ಳಬೇಕಿತ್ತು. ಓಡಿಸುವವನು ಓಡಿಸಿದ, ಇಲ್ಲದವನು ಇಲ್ಲ.

ಹಾಗಾಗಿ ಕರ್ನಿಗನ್ ಮತ್ತು ರಿಚಿ 1978ರಲ್ಲಿ ತಂದ ಪುಸ್ತಕದ ಸಿಯಲ್ಲಿ ಫಂಕ್ಷನ್ ಹೆಸರು, ಮುಂದೆ ಖಾಲಿ ಬ್ರಾಕೆಟ್, ಇಷ್ಟೇ ಡಿಕ್ಲರೇಶನ್. ಒಳಗೆ ಎಂತ ಬರುತ್ತದೆ ಅಂತ ಹೇಳುವ ಕ್ರಮವೇ ಇಲ್ಲ. 1983ರಲ್ಲಿ ಕೂತ ಅಮೆರಿಕದ ಸ್ಟ್ಯಾಂಡರ್ಡ್ ಸಮಿತಿ 1989ರಲ್ಲಿ ಎದ್ದಾಗ ಸಿ++ನಿಂದ ಪ್ರೋಟೋಟೈಪ್ ತಂದು ಸೇರಿಸಿತ್ತು. ಆದರೆ ಖಾಲಿ ಬ್ರಾಕೆಟ್ಟಿಗೆ ಆಗಲೇ ಒಂದು ಅರ್ಥ ಇತ್ತಲ್ಲ, ಎಷ್ಟು ಬೇಕಾದರೂ ಬರಬಹುದು ಅಂತ. ಏನೂ ಬರುವುದಿಲ್ಲ ಅಂತ ಹೇಳಲು ಬ್ರಾಕೆಟ್ಟಿನೊಳಗೆ ವಾಯ್ಡ್ ಅಂತ ಬರೆಯಬೇಕಾಯಿತು. ಇಲ್ಲ ಅಂತ ಹೇಳಲಿಕ್ಕೂ ಒಂದು ಅರ್ಜಿ! ಈ ರೂಪವನ್ನು ಮೊದಲು ತನ್ನ ಭಾಷೆಯಲ್ಲಿ ಮಾಡಿ ಆಮೇಲೆ ಬಿಟ್ಟವರು ಸಿ++ನ ಸ್ಟ್ರೌಸ್ಟ್ರಪ್. ರಿಚಿ ಮತ್ತು ಡಗ್ ಮೆಕಿಲ್‌ರಾಯ್ ಇಬ್ಬರೂ ಅದನ್ನು ಅಸಹ್ಯ ಅಂತ ಬೈದಿದ್ದರು ಅಂತ ಅವರೇ ಬರೆದಿದ್ದಾರೆ. ಬೈಸಿಕೊಂಡದ್ದು ಕೊನೆಗೆ ರಿಚಿಯವರ ಮನೆಯಲ್ಲೇ ಸೊಸೆಯಾಗಿ ನಿಂತಿತು.

ಆ ಹಳೇ ಶೈಲಿ ಇನ್ನು ಬೇಡ, ಮುಂದೆ ತೆಗೆಯಲೂಬಹುದು ಅಂತ 1989ರಲ್ಲೇ ಹೇಳಿದರು. ತೆಗೆದದ್ದು ಯಾವಾಗ ಗೊತ್ತುಂಟಾ? ಸಿ23 ಅನ್ನುವ ಆವೃತ್ತಿಯಲ್ಲಿ. ಹೆಸರಿನಲ್ಲಿ 23 ಇದ್ದರೂ ಅದು ಅಚ್ಚಾಗಿ ಬಂದದ್ದು 2024ರಲ್ಲಿ. ಮೂವತ್ತೈದು ವರ್ಷ! ಖಾಲಿ ಬ್ರಾಕೆಟ್ ಅಂದರೆ ಏನೂ ಇಲ್ಲ ಅಂತಲೇ ಅರ್ಥ ಅಂತ ಈಗ ಆಯಿತು. ಇಷ್ಟು ವರ್ಷ ಜನ ಹಾಗೇ ಅಂದುಕೊಂಡು ಬರೆಯುತ್ತಿದ್ದರು ಬಿಡಿ, ಕಾನೂನು ತಡವಾಗಿ ಬಂತು.

ಪ್ರೋಟೋಟೈಪ್ ಅಂದ ಕೂಡಲೇ ನನಗೆ ನೆನಪಾಗುವುದು ನಮ್ಮ ಕಾಲೇಜಿನ ಲ್ಯಾಬು. ಟರ್ಬೊ ಸಿ++ನ ನೀಲಿ ಪರದೆ ನೆನಪುಂಟಲ್ಲ? ಕರ್ನಾಟಕದಲ್ಲಿ ಎಂಜಿನಿಯರಿಂಗ್ ಓದಿದ ಒಂದಿಡೀ ತಲೆಮಾರಿಗೆ ಕಂಪ್ಯೂಟರ್ ಅಂದರೆ ಆ ನೀಲಿ. ಒಂದು ಕೈಯಲ್ಲಿ ಬಾಲಗುರುಸ್ವಾಮಿ, ಇನ್ನೊಂದು ಕೈಯಲ್ಲಿ ಯಶವಂತ ಕಾನೇಟ್ಕರರ ಲೆಟ್ ಅಸ್ ಸಿ. ಬರೆಯುವುದು ಸಿ ಪ್ರೋಗ್ರಾಂ, ಆದರೆ ಹೊಸ ಫೈಲಿಗೆ ಆ ಸಾಫ್ಟ್‌ವೇರ್ ತಾನಾಗಿ ಕೊಡುವ ಹೆಸರು ನೋನೇಮ್00, ಚುಕ್ಕಿ, ಸಿಪಿಪಿ. ಬಾಲದಲ್ಲಿ ಸಿಪಿಪಿ ಇದ್ದರೆ ಅದು ಸಿ++ ಅಂತ ಲೆಕ್ಕ, ಸಿ++ನಲ್ಲಿ ಪ್ರೋಟೋಟೈಪ್ ಕಡ್ಡಾಯ. ಮೇಲೆ ಕೊನಿಯೊ ಹೆಡರ್ ಹಾಕದೆ ಪರದೆ ಒರೆಸುವ ಫಂಕ್ಷನ್ ಕರೆದಿರೋ, ಫಂಕ್ಷನ್ನಿಗೆ ಪ್ರೋಟೋಟೈಪ್ ಇರಬೇಕು ಅಂತ ಕೆಂಪು ಪಟ್ಟಿ.

ಲ್ಯಾಬಿನಲ್ಲಿ ಇದಕ್ಕೊಂದು ಮದ್ದು ಇತ್ತು. ಸೀನಿಯರುಗಳಿಂದ ಜೂನಿಯರುಗಳಿಗೆ ಕಿವಿಯಲ್ಲಿ ಹರಿದು ಬಂದ ವಿದ್ಯೆ: ಫೈಲಿನ ಬಾಲ ಕತ್ತರಿಸಿ ಬರೀ ಸಿ ಮಾಡು, ಎರರ್ ಮಾಯ. ಮಾಯವೂ ಆಗುತ್ತಿತ್ತು. ಯಾಕೆ ಅಂತ ಯಾರೂ ಕೇಳಲಿಲ್ಲ, ಲ್ಯಾಬ್ ಪರೀಕ್ಷೆಯ ಹೊತ್ತಿಗೆ ವೇದಾಂತ ಯಾರಿಗೆ ಬೇಕು? ಪರದೆ ಒರೆಸುವುದರಲ್ಲಿ ಇದು ನಡೆಯುತ್ತದೆ, ಅದಕ್ಕೆ ಕೊಡುವುದೂ ಇಲ್ಲ ಪಡೆಯುವುದೂ ಇಲ್ಲ. ವರ್ಗಮೂಲದ ಪ್ರೋಗ್ರಾಂ ಬಂದವನ ಗತಿ ಬೇರೆ. ಮ್ಯಾಥ್ ಹೆಡರ್ ಇಲ್ಲದೆ ಹದಿನಾರರ ವರ್ಗಮೂಲ ಕೇಳಿದರೆ, ಕಂಪೈಲರ್ ಹದಿನಾರನ್ನು ಪೂರ್ಣಾಂಕವಾಗಿ ಕಳಿಸುತ್ತದೆ, ಅಲ್ಲಿರುವ ಫಂಕ್ಷನ್ ಎಂಟು ಬೈಟಿನ ದಶಾಂಶ ಸಂಖ್ಯೆ ಬಂದಿದೆ ಅಂತ ಓದುತ್ತದೆ, ಅದು ಕೊಟ್ಟ ಉತ್ತರವನ್ನು ಕಂಪೈಲರ್ ಪುನಃ ಪೂರ್ಣಾಂಕ ಅಂತ ಇನ್ನೆಲ್ಲಿಂದಲೋ ಎತ್ತಿಕೊಳ್ಳುತ್ತದೆ. ನಾಲ್ಕು ಬರಬೇಕಾದಲ್ಲಿ ಬರುತ್ತಿದ್ದ ಅಂಕಿಗಳನ್ನು ನೋಡಿದರೆ ಲಾಟರಿ ಟಿಕೆಟು ನೆನಪಾಗುತ್ತಿತ್ತು. ಮಷೀನಿಗೆ ವೈರಸ್ ಬಂದಿದೆ ಅಂತ ಬೆಂಚು ಬದಲಾಯಿಸಿದವರೂ ಉಂಟು. ಬಾಲ ಕತ್ತರಿಸಿದ್ದು ಬೊಬ್ಬೆ ನಿಲ್ಲಿಸಿತ್ತು, ರೋಗ ಹಾಗೇ ಇತ್ತು.

ಎಲ್ಲಿಂದ ಎಲ್ಲಿಗೆ ಹೋದೆ ನೋಡಿ. ರಿಪೇರಿಯ ವಿಷಯಕ್ಕೆ ಬರೋಣ. ಮೇಲ್ನೋಟಕ್ಕೆ ಇದು ಕಣ್ಣುಮುಚ್ಚಿ ಮಾಡುವ ಕೆಲಸ. ಆ ಫೈಲಿನ ಹೊರಗೆ ಯಾರಿಗೂ ಬೇಡದ ಫಂಕ್ಷನ್ ಆದರೆ ಮುಂದೆ ಸ್ಟ್ಯಾಟಿಕ್ ಅಂತ ಹಾಕಿ, ಮುಗಿಯಿತು. ಹೊರಗಿನವರಿಗೆ ಬೇಕಾದದ್ದಾದರೆ ಹೆಡರಿನಲ್ಲಿ ಒಂದು ಸಾಲು. ಏನೂ ತೆಗೆದುಕೊಳ್ಳದಿದ್ದರೆ ವಾಯ್ಡ್. ಹಳೇ ಶೈಲಿಯದ್ದಾದರೆ ಬ್ರಾಕೆಟ್ಟಿನ ಹೊರಗೆ ತೂಗಾಡುವ ಆರ್ಗ್ಯುಮೆಂಟುಗಳನ್ನು ಒಳಗೆ ಕರೆದು ಕೂರಿಸಬೇಕು. ಈ ಕೊನೆಯದರಲ್ಲಿ ಮಾತ್ರ ಸ್ವಲ್ಪ ಜಾಗ್ರತೆ. ಹಳೇ ಶೈಲಿಯಲ್ಲಿ ಫ್ಲೋಟ್ ಅಂತ ಬರೆದಿದ್ದರೂ ಕರೆಯುವವನು ಕಳಿಸುವುದು ಡಬಲ್. ಅದು ಆ ಕಾಲದ ಕಟ್ಟಳೆ. ನಾವು ಅಂದ ಮಾಡಲು ಹೋಗಿ ಬ್ರಾಕೆಟ್ಟಿನೊಳಗೆ ಫ್ಲೋಟ್ ಅಂತಲೇ ಇಟ್ಟರೆ, ಮೊದಲೇ ಕಂಪೈಲ್ ಆಗಿ ಕೂತ ಹಳೇ ಆಬ್ಜೆಕ್ಟ್ ಫೈಲುಗಳು ಎಂಟು ಬೈಟು ಕಳಿಸುತ್ತವೆ, ಇದು ನಾಲ್ಕು ಬೈಟು ಓದುತ್ತದೆ. ಅಕ್ಷರ ತಿದ್ದಿದ್ದು ಅಂದುಕೊಂಡರೆ ವ್ಯವಹಾರವೇ ಬದಲಾಗಿರುತ್ತದೆ.

ಹಾಗಾಗಿ ಒಂದೊಂದು ತಿದ್ದುಪಡಿ ಆದ ಮೇಲೂ ಮೊದಲಿನ ಆಬ್ಜೆಕ್ಟ್ ಫೈಲು, ಈಗಿನ ಆಬ್ಜೆಕ್ಟ್ ಫೈಲು ಎರಡನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟು ನೋಡುವುದು. ನಮ್ಮ ಬೋರ್ಡಿನದ್ದು ಒಂದು ಬೈಟೂ ವ್ಯತ್ಯಾಸ ಇಲ್ಲದೆ ಬಂದರೆ ಕೆಲಸ ಸರಿಯಾಯಿತು ಅಂತ. ಅದೇ ಕೋಡನ್ನು ಪರೀಕ್ಷೆಗೆ ಅಂತ ಮೇಜಿನ ಮೇಲಿನ ಮಾಮೂಲಿ ಕಂಪ್ಯೂಟರಿಗೆ ಕಂಪೈಲ್ ಮಾಡಿದರೆ ಮಾತ್ರ ಒಂದು ಚೋದ್ಯ ಕಾಣುತ್ತದೆ. ಖಾಲಿ ಬ್ರಾಕೆಟ್ ಇದ್ದ ಫಂಕ್ಷನ್ನನ್ನು ಕರೆಯುವ ಮೊದಲು ಅಲ್ಲಿ ಒಂದು ಪುಟ್ಟ ಸೂಚನೆ ಹೆಚ್ಚಿಗೆ ಇರುತ್ತದೆ, ಒಂದು ರಿಜಿಸ್ಟರನ್ನು ಸೊನ್ನೆ ಮಾಡುವುದು. ಯಾಕೆ ಅಂದರೆ, ಆಚೆ ಇರುವ ಫಂಕ್ಷನ್ ಪ್ರಿಂಟ್‌ಎಫ್‌ನ ಹಾಗೆ ಎಷ್ಟು ಬೇಕಾದರೂ ತೆಗೆದುಕೊಳ್ಳುವ ಜಾತಿಯದ್ದೂ ಇರಬಹುದು, ಗೊತ್ತಿಲ್ಲವಲ್ಲ. ಅಂಥವರಿಗೆ ದಶಾಂಶದ ರಿಜಿಸ್ಟರುಗಳಲ್ಲಿ ಎಷ್ಟು ಸಾಮಾನು ಕಳಿಸಿದ್ದೇವೆ ಅಂತ ಮೊದಲೇ ಹೇಳಬೇಕು ಅನ್ನುವುದು ಆ ಯಂತ್ರದ ಕಟ್ಟಳೆ. ಏನೂ ಕಳಿಸಿಲ್ಲ, ಅದಕ್ಕೆ ಸೊನ್ನೆ. ವಾಯ್ಡ್ ಅಂತ ಬರೆದ ಕೂಡಲೇ ಆ ಸೂಚನೆ ಎದ್ದು ಹೋಗುತ್ತದೆ. ಎರಡೇ ಎರಡು ಬೈಟು. ಎಷ್ಟು ವರ್ಷದಿಂದ, ಎಷ್ಟು ಕಂಪ್ಯೂಟರಿನಲ್ಲಿ ಸುಮ್ಮನೆ ಸೊನ್ನೆ ಮಾಡುತ್ತಾ ಇತ್ತೋ ಪಾಪ.

ಇದನ್ನು ಪಾಗಾರದ ಬಳಿ ವಿವರಿಸುವುದು ಸುಲಭ ಅಲ್ಲ. "ಹಾಗಾದ್ರೆ ಎಲ್ಲ ಮಾಡಿ ಆದ ಮೇಲೆ ಎಂತ ಬದಲಾಗ್ತದೆ?" ಅಂತ ಅಣ್ಣ ಕೇಳಿದರು.

"ಏನೂ ಬದಲಾಗ್ಲಿಕ್ಕಿಲ್ಲ ಅಣ್ಣ. ಬದಲಾಗದಿದ್ದರೆ ಸರಿ ಆಯ್ತು ಅಂತ ಅರ್ಥ."

ನಗುತ್ತಾರೆ ಅಂತ ಇದ್ದೆ. ಅವರು ತಲೆಯಾಡಿಸಿ, "ಡ್ರೆಜ್ಜಿಂಗ್" ಅಂದರು.

ಅವರು ಹೇಳಿದ್ದು ಸರಿ. ನಮ್ಮ ಬಂದರು ಹೊಳೆಬಾಯಿಯ ಹಳೇ ಬಂದರಿನ ಹಾಗಲ್ಲ, ನೆಲ ಕಡಿದು ಸಮುದ್ರವನ್ನು ಒಳಗೆ ಕರೆದದ್ದು. ಮಳೆಗಾಲದಲ್ಲಿ ಕಡಲು ಎದ್ದು ಹಡಗಿನ ದಾರಿಯಲ್ಲಿ ಹೂಳು ತಂದು ತುಂಬಿಸುತ್ತದೆ. ಮಳೆ ಮುಗಿದ ಮೇಲೆ ಡ್ರೆಜ್ಜರ್ ಬಂದು ಅದನ್ನು ತೆಗೆಯುತ್ತದೆ. ಬೀಚಿಗೆ ಬಂದವರು ದೂರದಲ್ಲಿ ಅದನ್ನು ನೋಡುತ್ತಾರೆ, ನಿಂತೇ ಇದೆಯಲ್ಲ ಅಂತ ಚುರುಮುರಿ ತಿಂದು ಹೋಗುತ್ತಾರೆ. ಕೆಲಸ ಮುಗಿದಾಗ ನೋಡಲು ಎಂತ ಸಿಗುತ್ತದೆ? ಹೋದ ವರ್ಷ ಎಷ್ಟು ಆಳ ಇತ್ತೋ ಅಷ್ಟೇ ಆಳ. ಹೋದ ವರ್ಷ ಬಂದ ಹಡಗೇ ಈ ವರ್ಷವೂ ಬರುತ್ತದೆ. ಫೋಟೋ ತೆಗೆಯುವ ಹಾಗೂ ಇಲ್ಲ, ಉದ್ಘಾಟನೆ ಮಾಡುವ ಹಾಗೂ ಇಲ್ಲ. "ತೆಗೀದಿದ್ರೆ ಮಾತ್ರ ಗೊತ್ತಾಗ್ತದೆ" ಅಂದರು ಅಣ್ಣ.

ನನ್ನ ಹೂಳು ವಾರ್ನಿಂಗು, ಅದನ್ನು ತೆಗೆಯುವುದರಲ್ಲೂ ಎರಡು ಥರ ಉಂಟು. ಸೋಮಾರಿ ಥರ ಹೇಗೆ ಅಂದರೆ, ಫಂಕ್ಷನ್ನಿನ ನೆತ್ತಿಯ ಮೇಲೆಯೇ, ಅದೇ ಫೈಲಿನಲ್ಲಿ, ಅದರದ್ದೇ ಮೊದಲ ಸಾಲನ್ನು ನಕಲು ಮಾಡಿ ಒಂದು ಅರ್ಧವಿರಾಮ ಹಾಕುವುದು. ಪ್ರೋಟೋಟೈಪ್ ಆಯಿತು, ವಾರ್ನಿಂಗ್ ಹೋಯಿತು. ಕಂಪೈಲರ್ ಮಾತ್ರ ಕರೆಯುವ ಭಾಗಾಕಾರದಂಥವಕ್ಕೆ ಇದು ಸಾಕು ಅನ್ನಿ, ಇನ್ನೊಬ್ಬ ಕರೆಯುವವನೇ ಇಲ್ಲವಲ್ಲ. ಬೇರೆ ಫೈಲಿನವರು ಹೆಸರು ಹಿಡಿದು ಕರೆಯುವ ಫಂಕ್ಷನ್ನಿಗೂ ಹೀಗೆ ಮಾಡಿದರೆ ಅದು ನಮ್ಮ ಲ್ಯಾಬಿನ ಬಾಲ ಕತ್ತರಿಸುವ ವಿದ್ಯೆಯೇ. ತನ್ನ ಸಾಕ್ಷಿ ತಾನೇ ಹೇಳಿದ ಹಾಗೆ. ಆಚೆ ಫೈಲಿನವನು ತನಗೆ ತೋಚಿದಂತೆ ಎಕ್ಸ್‌ಟರ್ನ್ ಬರೆದುಕೊಂಡಿದ್ದರೆ ಇಬ್ಬರ ಮಾತನ್ನೂ ತಾಳೆ ನೋಡುವವರು ಯಾರು? ಲಿಂಕರಿಗೆ ಹೆಸರು ಸಿಕ್ಕಿದರೆ ಸಾಕು, ಗೋತ್ರ ಕೇಳುವುದಿಲ್ಲ.

ಸರಿಯಾದ ಕ್ರಮ ಅಂದರೆ ಹೆಡರಿನಲ್ಲಿ ಒಂದೇ ಕಡೆ ಬರೆದು, ಬರೆದವನ ಫೈಲಿಗೂ ಕರೆಯುವವನ ಫೈಲಿಗೂ ಅದನ್ನೇ ಸೇರಿಸುವುದು. ಹಾಗೆ ಮಾಡುತ್ತಾ ಹೋದಾಗ ಸಿಕ್ಕಿದ್ದು ಒಂದು ಕಾಯುವ ಫಂಕ್ಷನ್. ಇಷ್ಟು ಹೊತ್ತು ಸುಮ್ಮನಿರು ಅಂತ ಹೇಳುವುದು. ಅದರ ಒಡಲು ಬರೆದ ಪುಣ್ಯಾತ್ಮ ಹೊತ್ತನ್ನು ಅರವತ್ತನಾಲ್ಕು ಬಿಟ್ಟಿನಲ್ಲಿ ತೆಗೆದುಕೊಂಡಿದ್ದ. ಕರೆಯುವ ಫೈಲಿನಲ್ಲಿ ಇನ್ನೊಬ್ಬ ಪುಣ್ಯಾತ್ಮ ಅದನ್ನು ಮೂವತ್ತೆರಡು ಅಂತ ಎಕ್ಸ್‌ಟರ್ನ್ ಬರೆದಿದ್ದ. ನಮ್ಮ ಚಿಪ್ಪಿನಲ್ಲಿ ಅರವತ್ತನಾಲ್ಕು ಬಿಟ್ಟು ಅಂದರೆ ಎರಡು ರಿಜಿಸ್ಟರು, ಎ0ದಲ್ಲಿ ಕೆಳಗಿನ ಅರ್ಧ, ಎ1ರಲ್ಲಿ ಮೇಲಿನ ಅರ್ಧ. ಕರೆಯುವವನು ಎ0 ಮಾತ್ರ ತುಂಬುತ್ತಿದ್ದ. ಎ1ರಲ್ಲಿ ಹಿಂದಿನ ಲೆಕ್ಕದ ಎಂಜಲು ಏನಿತ್ತೋ ಅದೇ. ಹೆಚ್ಚಿನ ಸಲ ಅದು ಸೊನ್ನೆಯೇ ಇರುತ್ತಿತ್ತು, ಎಲ್ಲ ಸರಿ. ಒಮ್ಮೊಮ್ಮೆ ಬರೀ ಒಂದು ಇದ್ದರೂ ಸಾಕು, ನಾಲ್ಕು ಮಿಲಿಸೆಕೆಂಡು ಸುಮ್ಮನಿರು ಅಂದದ್ದಕ್ಕೆ ಆ ಫಂಕ್ಷನ್ ನಾಲ್ಕು ನೂರು ಕೋಟಿಗೂ ಮೇಲೆ ಎಣಿಸಲು ಕೂರುತ್ತಿತ್ತು. ಬೋರ್ಡು ಮಂಕಾಗಿ ಕೂತಿದೆ ಅಂತ ದೂರು ಬರುತ್ತಿತ್ತು, ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುತ್ತಿತ್ತು, ವೋಲ್ಟೇಜ್ ಸರಿ ಇಲ್ಲ ಅಂತ ತೀರ್ಮಾನ ಆಗುತ್ತಿತ್ತು. ನಮ್ಮಲ್ಲಿ ಮಳೆಗಾಲದಲ್ಲಿ ಏನು ಕೆಟ್ಟರೂ ಕರೆಂಟಿನ ತಲೆಗೆ ಕಟ್ಟಬಹುದು, ಅಲ್ವಾ? ಇಬ್ಬರಿಗೂ ಒಂದೇ ಹೆಡರ್ ಸೇರಿಸಿದ ಕ್ಷಣ ಕಂಪೈಲರ್ ವಾರ್ನಿಂಗ್ ಬಿಟ್ಟು ನೇರ ಎರರನ್ನೇ ಕೊಟ್ಟಿತು: ಇವರಿಬ್ಬರ ಮಾತು ಒಂದಕ್ಕೊಂದು ಹೊಂದುವುದಿಲ್ಲ ಅಂತ. ನೂರಾರು ನಿರುಪದ್ರವಿ ಸಾಲುಗಳ ಗಲಾಟೆಯ ನಡುವೆ ಇದೊಂದು ನಿಜವಾದ ಉಪದ್ರ ಹಾಯಾಗಿ ಮಲಗಿತ್ತು.

ಆ ಲೈಬ್ರರಿಯ ಚೋದ್ಯ ಇನ್ನೂ ಉಂಟು, ಹೇಳುತ್ತಾ ಹೋದರೆ ಕತ್ತಲಾಗುತ್ತದೆ. ಮೆಮ್‌ಸೆಟ್ ಒಂದು ಹೇಳಿಬಿಡುತ್ತೇನೆ. ಮೆಮೊರಿಯ ಒಂದು ತುಂಡನ್ನು ಒಂದೇ ಬೆಲೆಯಿಂದ ತುಂಬಿಸುವುದು ಅದರ ಕೆಲಸ. ಪ್ರೋಟೋಟೈಪ್ ಸರಿಯಾಗಿ ಬರೆದು, ಒಳಗೆ ನಾಲ್ಕು ಸಾಲಿನ ಒಂದು ಲೂಪ್ ಬರೆದರೆ, ಜಾಣ ಕಂಪೈಲರ್ ಲೂಪನ್ನು ನೋಡಿ, ಓ ಇದು ಮೆಮ್‌ಸೆಟ್ ಮಾಡುವ ಕೆಲಸ ಅಲ್ವಾ ಅಂತ ಗುರುತು ಹಿಡಿದು, ಲೂಪನ್ನು ಕಿತ್ತು ಅಲ್ಲಿ ಮೆಮ್‌ಸೆಟ್ಟಿಗೆ ಕರೆ ಹಾಕುತ್ತದೆ. ಅಂದರೆ ಮೆಮ್‌ಸೆಟ್ ತನ್ನನ್ನೇ ಕರೆಯುತ್ತದೆ, ಅದು ಪುನಃ ತನ್ನನ್ನೇ. ಸ್ಟ್ಯಾಕ್ ತುಂಬಿ ಉಕ್ಕುವವರೆಗೆ. ಹಾಗೆ ಮಾಡಬೇಡ ಅಂತ ಆ ಒಂದು ಫೈಲಿಗೆ ಪ್ರತ್ಯೇಕ ಆಪ್ಷನ್ ಕೊಟ್ಟು ಕಿವಿ ಹಿಂಡಬೇಕು. ಇಷ್ಟು ಜಾಣನಿಗೆ ಭಾಗಾಕಾರದ ಫಂಕ್ಷನ್ ಯಾರು ಅಂತ ಗೊತ್ತಾಗುವುದಿಲ್ಲವಂತೆ!

ಇದೆಲ್ಲ ಪಣಂಬೂರಿನ ಒಬ್ಬನ ಪಿರಿಪಿರಿ ಅಲ್ಲ. ಹೇಳದೆ ಕೇಳದೆ ಫಂಕ್ಷನ್ ಕರೆಯುವ ಸಲಿಗೆಯನ್ನು ಸಿ99 ತೆಗೆದು ಹಾಕಿತ್ತು. ಆದರೂ ಜಿಸಿಸಿ ಬರೀ ವಾರ್ನಿಂಗ್ ಕೊಟ್ಟು ಬಿಡುತ್ತಿತ್ತು. 2023ರಲ್ಲಿ ಎಲ್‌ಎಲ್‌ವಿಎಂನವರ ಕಂಪೈಲರ್ ಕ್ಲ್ಯಾಂಗ್ 16, 2024ರ ಮೇಯಲ್ಲಿ ಜಿಸಿಸಿ 14 ಅದನ್ನು ಎರರ್ ಮಾಡಿದವು. 2025ರಲ್ಲಿ ಬಂದ ಜಿಸಿಸಿ 15 ಸುಮ್ಮನೆ ಓಡಿಸಿದರೆ ಸಿ23ರ ಲೆಕ್ಕ ಹಿಡಿಯುತ್ತದೆ. ಖಾಲಿ ಬ್ರಾಕೆಟ್ ಅಂತ ಡಿಕ್ಲೇರ್ ಮಾಡಿ ಒಳಗೆ ಎರಡು ಕೊಟ್ಟವರೆಲ್ಲ ಒಂದೇ ಬೆಳಿಗ್ಗೆ ಸಿಕ್ಕಿಬಿದ್ದರು. ಅದಕ್ಕೆ ಮೊದಲೇ ಲಿನಕ್ಸ್ ಹಂಚುವ ಫೆಡೋರಾದವರು, ಜೆಂಟೂದವರು ತಮ್ಮ ಸಾವಿರಾರು ಪ್ಯಾಕೇಜುಗಳನ್ನು ಸೋಸಿಕೊಂಡು ಬರಬೇಕಾಯಿತು.

ಅವರಿಗೆ ಹೆಚ್ಚು ಮಂಡೆಬೆಚ್ಚ ಮಾಡಿದ್ದು ಎರರ್ ಕೊಟ್ಟ ಪ್ಯಾಕೇಜುಗಳಲ್ಲ, ಎರರ್ ಕೊಡದವು. ಕಾನ್ಫಿಗರ್ ಅನ್ನುವ ಸ್ಕ್ರಿಪ್ಟ್ ಗೊತ್ತಲ್ಲ, ಬಿಲ್ಡ್ ಮಾಡುವ ಮೊದಲು ಈ ಸಿಸ್ಟಮ್ಮಿನಲ್ಲಿ ಅದು ಉಂಟಾ ಇದು ಉಂಟಾ ಅಂತ ಸಣ್ಣ ಸಣ್ಣ ಸಿ ಪ್ರೋಗ್ರಾಂ ಬರೆದು ಕಂಪೈಲ್ ಮಾಡಿ ನೋಡುವುದು. ಆ ಸಣ್ಣ ಪ್ರೋಗ್ರಾಂಗಳು ಅಜ್ಜನ ಕಾಲದವು, ಹೆಡರ್ ಇಲ್ಲದೆ ಎಕ್ಸಿಟ್ ಕರೆಯುವಂಥವು. ಹೊಸ ಕಂಪೈಲರಿನಲ್ಲಿ ಅವು ಕಂಪೈಲ್ ಆಗುವುದಿಲ್ಲ. ಕಂಪೈಲ್ ಆಗದಿದ್ದರೆ ಸ್ಕ್ರಿಪ್ಟ್ ಎಂತ ಹೇಳುತ್ತದೆ? ಈ ಸೌಲಭ್ಯ ಇಲ್ಲಿ ಇಲ್ಲ ಅಂತ ಬರೆದುಕೊಂಡು ಮುಂದೆ ಹೋಗುತ್ತದೆ. ಬಿಲ್ಡ್ ಸಲೀಸಾಗಿ ಮುಗಿಯುತ್ತದೆ, ಕೊನೆಯ ಸಾಲಿನಲ್ಲಿ ಎಲ್ಲ ಸರಿ, ಒಳಗೆ ಅರ್ಧ ಸಾಮಾನು ಕಾಣೆ. ಕೇಳಿದವನ ಪ್ರಶ್ನೆಯೇ ತಪ್ಪಿತ್ತು ಅಂತ ಯಾರಿಗೆ ಗೊತ್ತಾಗಬೇಕು ಹೇಳಿ.

ನನ್ನ ಲೈಬ್ರರಿ ಈಗ ಒಂದು ಸದ್ದಿಲ್ಲದೆ ಕಂಪೈಲ್ ಆಗುತ್ತದೆ. ಇನ್ನು ಮುಂದೆ ವಾರ್ನಿಂಗ್ ಬಂದರೆ ಎರರ್ ಅಂತಲೇ ಲೆಕ್ಕ ಮಾಡು ಅನ್ನುವ ಆಪ್ಷನ್ ಒಂದುಂಟು, ಅದನ್ನು ಹಾಕಿಬಿಡುವುದಾ ಬೇಡವಾ ಅಂತ ನಮ್ಮವರೊಳಗೆ ಈಗ ಜಗಳ. ಹಾಕಿದರೆ ಹೊಸ ಹೂಳು ಬರಲಿಕ್ಕಿಲ್ಲ. ಆದರೆ ಜಿಸಿಸಿಯವರು ವರ್ಷಕ್ಕೊಂದು ದೊಡ್ಡ ಆವೃತ್ತಿ ಬಿಡುತ್ತಾರೆ, ಬಿಟ್ಟಾಗಲೆಲ್ಲ ಒಂದಿಷ್ಟು ಹೊಸ ವಾರ್ನಿಂಗು ಕಲಿತುಕೊಂಡೇ ಬರುತ್ತದೆ. ನಿನ್ನೆಯವರೆಗೆ ತೊಂದರೆ ಇಲ್ಲದ ಕೋಡು ಅಂದು ಬಿಲ್ಡೇ ಆಗದೆ ಕೂರುತ್ತದೆ.

ಇದನ್ನೂ ಅಣ್ಣನ ಮುಂದೆ ಹೇಳಿದೆ, ಅವರು ಬಸಳೆ ಬಳ್ಳಿಯ ತುದಿ ಚಪ್ಪರಕ್ಕೆ ಸಿಕ್ಕಿಸುತ್ತಾ ಕೇಳಿಸಿಕೊಂಡರು.

"ಅಂದ್ರೆ ಬರುವ ವರ್ಷವೂ ಇದೇ ಕೆಲಸ ಉಂಟು ಅಂತಾಯ್ತು?"

"ಉಂಟು ಅಂತ ಕಾಣ್ತದೆ ಅಣ್ಣ."

"ಮತ್ತೆಂತಕ್ಕೆ ಮಂಡೆಬಿಸಿ ಮಾರಾಯ್ರೆ? ಬಂದರಿನಲ್ಲಾದ್ರೆ ಇದಕ್ಕೆ ಟೆಂಡರ್ ಹಾಕ್ಬೇಕು, ನಿಮಗೆ ಅದೂ ಇಲ್ಲ."